ಮಗ ಊರು ಬಿಟ್ಟ ಮೇಲೆ ತಾಯಿಯ ಸೂರು

ದುಡಿಯುವ ಮಕ್ಕಳು ಊರು ಬಿಟ್ಟು ಹೊರಟಾಗ ಹಿಂದೆ ಉಳಿಯುವ ತಾಯಿಯ ಕುರಿತು ನಮ್ಮ ಮಿಂಬರ್‌ಗಳಲ್ಲಿ ಧಾರಾಳವಾಗಿ ಪ್ರವಚನಗಳು ನಡೆಯುತ್ತವೆ. ಆಕೆಯ ಕಣ್ಣೀರು, ಆಕೆಯ ಪ್ರಾರ್ಥನೆ, ಆಕೆಯ ಪಾದದಡಿಯ ಸ್ವರ್ಗ, ಇವೆಲ್ಲ ನಮ್ಮ ಸಮುದಾಯದ ಸಣ್ಣ ಮಕ್ಕಳಿಗೂ ಬಾಯಿಪಾಠ. ಆದರೆ ಆ ತಾಯಿ ಮುಂದಿನ ತಿಂಗಳ ಬಾಡಿಗೆಯನ್ನು ಎಲ್ಲಿಂದ ತರುತ್ತಾಳೆ, ಆಕೆ ಮಲಗುವ ಹೆಂಚಿನ ಮನೆಯ ಖಾತೆ ಯಾರ ಹೆಸರಿನಲ್ಲಿದೆ, ಸರಕಾರದ ವಸತಿ ಪಟ್ಟಿಯಲ್ಲಿ ಆಕೆಯ ಹೆಸರು ಏಕೆ ಇಲ್ಲ ಎಂಬ ಪ್ರಶ್ನೆಗಳನ್ನು ಎತ್ತುವವರು ವಿರಳ. ತಾಯಿಯ ಮಹಿಮೆಯನ್ನು ಬಣ್ಣಿಸುವುದು ಸುಲಭ. ಆಕೆಯ ಮನೆಯ ಕಾಗದವನ್ನು ಬಿಡಿಸಿ ಓದುವುದು ಕಷ್ಟ. ಈ ಬಾರಿ ಆ ಕಷ್ಟದ ಕೆಲಸದ ಬಗ್ಗೆಯೇ ಒಂದಿಷ್ಟು ಮಾತಾಡೋಣ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲೂಕುಗಳ ತೆಂಗಿನ ಸೀಮೆಯನ್ನು ತೆಗೆದುಕೊಳ್ಳಿ. ಹಂದನಕೆರೆಯಂತಹ ಹೋಬಳಿ ಕೇಂದ್ರದಲ್ಲಿ ತೋಟದ ಒಡೆಯರಾಗಿರುವ ಮುಸ್ಲಿಮರಿಗಿಂತ ಇನ್ನೊಬ್ಬರ ತೋಟದ ಕಾಯಿಯನ್ನು ನಂಬಿ ಬದುಕುವ ಮುಸ್ಲಿಮರೇ ಹೆಚ್ಚು. ಕಾಯಿ ಕೀಳುವುದು, ಸಿಪ್ಪೆ ಸುಲಿಯುವುದು, ಕೊಬ್ಬರಿ ಒಡೆಯುವುದು, ಗಾಡಿಗೆ ತುಂಬುವುದು, ಸಂತೆಯಲ್ಲಿ ಸಣ್ಣ ವ್ಯಾಪಾರ ಮಾಡುವುದು, ತೆಂಗಿನ ಪುಡಿಯ ಕಾರ್ಖಾನೆಯಲ್ಲಿ ಹೆಂಗಸರು ಕಾಯಿಯ ಕಪ್ಪು ಸಿಪ್ಪೆ ಹೆರೆಯುವುದು, ಇವೇ ಆ ಮನೆಗಳ ಆದಾಯ. ಈ ಸೀಮೆಯಿಂದ ಯುವಕರು ಹೊರಟದ್ದು ಒಂದೇ ದಿನದಲ್ಲಲ್ಲ. ಈ ಶತಮಾನದ ಆರಂಭದಲ್ಲಿ ನುಸಿ ಪೀಡೆ ತೋಟಗಳನ್ನು ಹಿಂಡಿತು. 2011ರ ಆಗಸ್ಟ್‌ನಲ್ಲಿ ಸುಪ್ರೀಮ್ ಕೋರ್ಟ್ ಬಳ್ಳಾರಿಯ ಗಣಿ ನಿಷೇಧವನ್ನು ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಿಗೂ ವಿಸ್ತರಿಸಿದಾಗ ಚಿಕ್ಕನಾಯಕನಹಳ್ಳಿಯ ಅದಿರು ಲಾರಿಗಳನ್ನು ನೆಚ್ಚಿಕೊಂಡಿದ್ದ ಚಾಲಕರೂ ಕ್ಲೀನರ್‌ಗಳೂ ಬೀದಿಗೆ ಬಿದ್ದರು. ಆ ನಿಷೇಧ ಅಗತ್ಯವಾಗಿತ್ತೆಂಬುದು ಬೇರೆ ಮಾತು. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರಕಾರ ಕ್ವಿಂಟಲ್‌ಗೆ 11,750 ರೂಪಾಯಿ ಬೆಂಬಲ ಬೆಲೆ ಘೋಷಿಸಿದ್ದರೂ ತಿಪಟೂರು ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗೆ ಕುಸಿದು ರೈತರು ಬೀದಿಗಿಳಿದರು. 2025ರಲ್ಲಿ ಅದೇ ಕೊಬ್ಬರಿ 20 ಸಾವಿರವನ್ನೂ ದಾಟಿತು. ದರ ಕುಸಿದಾಗ ಕೂಲಿಯವನ ಕೆಲಸ ಹೋಗುತ್ತದೆ, ದರ ಏರಿದಾಗ ಒಡೆಯನ ಲಾಭ ಏರುತ್ತದೆ. ಹೀಗಿರುವಾಗ ತಿಪಟೂರಿನಿಂದ ಬೆಂಗಳೂರಿಗೆ ರೈಲು ಹತ್ತುವ ಯುವಕನನ್ನು ದೂರುವುದರಲ್ಲಿ ಅರ್ಥವಿಲ್ಲ.

ಆತ ಹೊರಡುತ್ತಾನೆ. ಗ್ಯಾರೇಜ್, ಗಾರ್ಮೆಂಟ್ಸ್, ಡೆಲಿವರಿ, ಆಟೋ, ಕೆಲವರಿಗೆ ಗಲ್ಫ್. ಮೊದಲ ವರ್ಷ ಹಣ ಕ್ರಮವಾಗಿ ಬರುತ್ತದೆ. ಆಮೇಲೆ ಮದುವೆಯಾಗುತ್ತದೆ, ಅಲ್ಲೊಂದು ಬಾಡಿಗೆ ಮನೆಯಾಗುತ್ತದೆ, ಮುಂಗಡವೇ ಲಕ್ಷ ದಾಟುತ್ತದೆ. ಬೆಂಗಳೂರಿನ ಬಾಡಿಗೆಯೂ ಹಂದನಕೆರೆಯ ಬಾಡಿಗೆಯೂ ಒಂದೇ ಜೇಬಿನಿಂದ ಹೊರಡಬೇಕಾದಾಗ ಯಾವುದು ತಡವಾಗುತ್ತದೆಂದು ಹೇಳಬೇಕಾಗಿಲ್ಲ. ತಾಯಿಯೇನೂ ದೂರುವುದಿಲ್ಲ. ದೂರುವ ತಾಯಿಯಾಗಿದ್ದರೆ ಸಮಸ್ಯೆ ಇಷ್ಟು ದಿನ ಮುಚ್ಚಿಹೋಗುತ್ತಿರಲಿಲ್ಲ. ವಯಸ್ಸು 65 ದಾಟಿದ್ದರೆ ಸಂಧ್ಯಾ ಸುರಕ್ಷಾ ಯೋಜನೆಯ 1,200 ರೂಪಾಯಿ, ಪಡಿತರ ಚೀಟಿಯಲ್ಲಿ ಯಜಮಾನಿಯಾಗಿದ್ದರೆ 2023ರಲ್ಲಿ ಆರಂಭವಾದ ಗೃಹಲಕ್ಷ್ಮಿಯ 2,000 ರೂಪಾಯಿ, ಇಷ್ಟರಲ್ಲಿ ಆಕೆ ಬಾಡಿಗೆ ಕೊಟ್ಟು ಔಷಧಿ ಕೊಂಡು ಉಣ್ಣಬೇಕು.

ಇದು ನಮ್ಮ ನಾಡಿನ ಸಮಸ್ಯೆ ಮಾತ್ರವೂ ಅಲ್ಲ. ಮಕ್ಕಳು ಮನೆ ಬಿಟ್ಟಾಗ ಹೆತ್ತವರ ಸೂರಿನ ಲೆಕ್ಕಾಚಾರ ತಲೆಕೆಳಗಾಗುವುದನ್ನು ಶ್ರೀಮಂತ ದೇಶಗಳೂ ಕಂಡಿವೆ. ಬ್ರಿಟನ್‌ನಲ್ಲಿ ಸ್ಥಳೀಯ ಸಂಸ್ಥೆಗಳ ಅಗ್ಗದ ಬಾಡಿಗೆ ಮನೆಗಳಲ್ಲಿರುವ ಬಡವರಿಗೆ ಸರಕಾರ ಬಾಡಿಗೆ ನೆರವು ನೀಡುತ್ತದೆ. 2013ರ ಏಪ್ರಿಲ್‌ನಿಂದ ಅಲ್ಲಿ ಒಂದು ನಿಯಮ ಬಂತು. ಮಗ ಅಥವಾ ಮಗಳು ಹೊರಟು ಒಂದು ಮಲಗುವ ಕೋಣೆ ಹೆಚ್ಚುವರಿಯಾದರೆ ನೆರವಿಗೆ ಪರಿಗಣಿಸುವ ಬಾಡಿಗೆಯಲ್ಲಿ ಶೇ. 14 ಕಡಿತ, ಎರಡು ಅಥವಾ ಅದಕ್ಕಿಂತ ಹೆಚ್ಚು ಕೋಣೆಗಳಾದರೆ ಶೇ. 25 ಕಡಿತ. ಪಿಂಚಣಿಯ ವಯಸ್ಸಿನವರಿಗೆ ವಿನಾಯಿತಿ ಇದ್ದರೂ ಐವತ್ತರ ಆಸುಪಾಸಿನ ಒಂಟಿ ತಾಯಂದಿರು ಇದರ ಬಿಸಿ ಉಂಡರು. ಜನರು ಇದಕ್ಕೆ 'ಬೆಡ್‌ರೂಮ್ ತೆರಿಗೆ' ಎಂದು ಹೆಸರಿಟ್ಟರು. ಸ್ಕಾಟ್ಲೆಂಡ್ ಸರಕಾರ ಮಾತ್ರ ಕಡಿತವಾದ ಹಣವನ್ನು ಬೇರೆ ನಿಧಿಯಿಂದ ತುಂಬಿಕೊಡುವ ದಾರಿ ಹುಡುಕಿತು. ಸಿಂಗಾಪುರ ಇದಕ್ಕೆ ತದ್ವಿರುದ್ಧ ಹಾದಿ ಹಿಡಿಯಿತು. ಹೆತ್ತವರ ಜೊತೆಗೆ ಅಥವಾ ಅವರ ಮನೆಯ ಹತ್ತಿರ ಫ್ಲ್ಯಾಟ್ ಕೊಳ್ಳುವ ಮಕ್ಕಳಿಗೆ 2015ರಿಂದ ಸರಕಾರಿ ಅನುದಾನವಿದೆ. 2018ರ ಪರಿಷ್ಕರಣೆಯಲ್ಲಿ ಜೊತೆಗಿರುವ ಕುಟುಂಬಕ್ಕೆ 30 ಸಾವಿರ ಡಾಲರ್, 4 ಕಿಲೋಮೀಟರ್ ಒಳಗಿದ್ದರೆ 20 ಸಾವಿರ ಡಾಲರ್ ಎಂದು ಗೊತ್ತುಪಡಿಸಲಾಯಿತು. ಒಂದು ಸರಕಾರ ಖಾಲಿ ಕೋಣೆಗೆ ದಂಡ ಹಾಕಿತು, ಇನ್ನೊಂದು ಸಾಮೀಪ್ಯಕ್ಕೆ ಬಹುಮಾನ ಕೊಟ್ಟಿತು. ನಮ್ಮ ವ್ಯವಸ್ಥೆಯ ತೊಡಕು ಇವೆರಡಕ್ಕಿಂತ ಭಿನ್ನ. ನಮ್ಮಲ್ಲಿ ಮಗ ಹೋಗಿರುವುದೇ ಕಾಗದಕ್ಕೆ ಗೊತ್ತಿರುವುದಿಲ್ಲ.

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹೆಚ್ಚಿನ ಅರ್ಜಿಗಳು ಬೀಳುವುದು ಇಲ್ಲಿಯೇ. ಗ್ರಾಮೀಣ ಪ್ರಧಾನಮಂತ್ರಿ ಆವಾಸ್ ಯೋಜನೆಯು ವ್ಯಕ್ತಿಯನ್ನಲ್ಲ, ಕುಟುಂಬವನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಕುಟುಂಬದ ಯಾರಾದರೊಬ್ಬ ಸದಸ್ಯ ತಿಂಗಳಿಗೆ ಇಂತಿಷ್ಟಕ್ಕಿಂತ ಹೆಚ್ಚು ದುಡಿಯುತ್ತಿದ್ದರೆ ಇಡೀ ಕುಟುಂಬ ತಾನಾಗಿಯೇ ಹೊರಗುಳಿಯುತ್ತದೆ. ಈ ಮಿತಿ ಮೊದಲು 10 ಸಾವಿರ ಇತ್ತು, 2024ರಲ್ಲಿ 15 ಸಾವಿರಕ್ಕೆ ಏರಿತು. ಬೆಂಗಳೂರಿನಲ್ಲಿ 18 ಸಾವಿರಕ್ಕೆ ದುಡಿದು ಅಲ್ಲಿಯ ಬಾಡಿಗೆಗೇ ಅರ್ಧ ಸುರಿಯುವ ಮಗನ ಹೆಸರು ತಾಯಿಯ ಪಡಿತರ ಚೀಟಿಯಲ್ಲಿದ್ದರೆ, ಆಕೆಯ ಕೈಗೆ ಒಂದು ಪೈಸೆಯೂ ತಲಪದಿದ್ದರೂ, ಆಕೆ ಸರಕಾರದ ಕಣ್ಣಿಗೆ ಅನುಕೂಲಸ್ಥೆ. ಬಿಪಿಎಲ್ ಚೀಟಿಗೂ ರಾಜ್ಯದಲ್ಲಿ ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷದ ಮಿತಿಯಿದೆ. ಅಲ್ಲಿಯೂ ಆತನ ಸಂಬಳ ಆಕೆಯ ತಲೆಗೇ ಬರುತ್ತದೆ.

ಇನ್ನೊಂದು ಮುಖ ಇದಕ್ಕಿಂತ ಕ್ರೂರವಾದದ್ದು. ಆದ್ಯತೆಯ ಪಟ್ಟಿ ಮಾಡುವಾಗ ಯಾರಿಗೆ ಮೊದಲು ಎಂದು ನಿರ್ಧರಿಸುವ ವಂಚಿತತೆಯ ಅಂಕಗಳಲ್ಲಿ, 16ರಿಂದ 59ರ ನಡುವಿನ ವಯಸ್ಕರೇ ಇಲ್ಲದ ಕುಟುಂಬ, ಅದೇ ವಯಸ್ಸಿನ ಗಂಡಸರಿಲ್ಲದ ಮಹಿಳಾ ಮುಖ್ಯಸ್ಥೆಯ ಕುಟುಂಬ, ಅಂಗವಿಕಲ ಸದಸ್ಯರಿದ್ದು ದುಡಿಯಬಲ್ಲ ವಯಸ್ಕರಿಲ್ಲದ ಕುಟುಂಬ ಇವೆಲ್ಲ ಸೇರಿವೆ. ಒಂಟಿಯಾಗಿ ಉಳಿದ ವಿಧವೆ ತಾಯಿ ನ್ಯಾಯವಾಗಿ ಈ ಅಂಕಗಳಿಗೆ ಅರ್ಹಳು. ಆದರೆ 28 ವರ್ಷದ ಮಗನ ಹೆಸರು ಚೀಟಿಯಲ್ಲಿ ಇರುವವರೆಗೆ ಆಕೆಯ ಮನೆಯಲ್ಲಿ ಗಟ್ಟಿಮುಟ್ಟಾದ ಗಂಡಸೊಬ್ಬ ಕುಳಿತಿದ್ದಾನೆಂದೇ ದಾಖಲೆ ಹೇಳುತ್ತದೆ. ಆಕೆಯ ಸಾಲಿನಲ್ಲಿ ಮುಂದೆ ನಿಲ್ಲಬೇಕಾದವಳನ್ನು ಹಿಂದಕ್ಕೆ ತಳ್ಳುವುದು ಹೀಗೆ ಊರಲ್ಲೇ ಇಲ್ಲದ ಮಗ. ಪಟ್ಟಣಗಳ ನಿಯಮ ಈ ವಿಷಯದಲ್ಲಿ ಒಂದಿಷ್ಟು ಉದಾರವಾಗಿದೆ. 2024ರ ಸೆಪ್ಟೆಂಬರ್‌ನಿಂದ ಜಾರಿಗೆ ಬಂದ ನಗರ ಆವಾಸ್ ಯೋಜನೆಯ ಎರಡನೇ ಹಂತದಲ್ಲಿ ಕುಟುಂಬವೆಂದರೆ ಗಂಡ, ಹೆಂಡತಿ ಮತ್ತು ಅವಿವಾಹಿತ ಮಕ್ಕಳು. ವಿವಾಹಿತ ಮಗ ಬೇರೆ ಕುಟುಂಬ. ವಿಧವೆಯರು, ಒಂಟಿ ಮಹಿಳೆಯರು, ಹಿರಿಯ ನಾಗರಿಕರು, ಅಲ್ಪಸಂಖ್ಯಾತರು ಅಲ್ಲಿ ಆದ್ಯತೆಯ ಗುಂಪಿನಲ್ಲಿದ್ದಾರೆ. ತಿಪಟೂರು ನಗರದಲ್ಲೋ ಚಿಕ್ಕನಾಯಕನಹಳ್ಳಿ ಪಟ್ಟಣದಲ್ಲೋ ಬಾಡಿಗೆಗಿರುವ ತಾಯಂದಿರು ವಿವಾಹಿತ ಮಗನ ಸಂಬಳದ ನೆಪದಲ್ಲಿ ಅರ್ಜಿಯನ್ನೇ ಹಾಕದೆ ಕುಳಿತಿರುವುದು ತಿಳುವಳಿಕೆಯ ಕೊರತೆಯಿಂದ.

ಹಾಗಾದರೆ ಚೀಟಿಯಿಂದ ಮಗನ ಹೆಸರನ್ನು ತೆಗೆಸಿದರಾಯಿತಲ್ಲ ಎನ್ನಬಹುದು. ಅಲ್ಲಿ ಅಡ್ಡ ಬರುವುದು ಸರ್ವರ್ ಸಮಸ್ಯೆಯೊಂದೇ ಅಲ್ಲ. ತಿದ್ದುಪಡಿಗೆ ಬಾಗಿಲು ತೆರೆಯುವುದು ಕೆಲವೇ ದಿನ, ತೆರೆದ ದಿನ ಜಾಲ ಕೆಲಸ ಮಾಡುವುದಿಲ್ಲ ಎಂಬುದು ನಿಜ. ಆದರೆ ಅದಕ್ಕಿಂತ ದೊಡ್ಡ ಅಡ್ಡಿ ಮನಸ್ಸಿನದು. ಚೀಟಿ ಬೇರೆಯಾದರೆ ಮನೆ ಒಡೆದಂತೆ, ನಾಲ್ಕು ಜನ ಏನೆಂದಾರು, ಸೊಸೆಯೇ ಬೇರೆ ಮಾಡಿಸಿದಳೆಂದಾರು ಎಂಬ ಅಂಜಿಕೆ. 2023ರಲ್ಲಿ ಗೃಹಲಕ್ಷ್ಮಿಯ ಹಣ ಅತ್ತೆಗೋ ಸೊಸೆಗೋ ಎಂಬ ಚರ್ಚೆ ರಾಜ್ಯವಿಡೀ ನಡೆದದ್ದು ನೆನಪಿರಬಹುದು. ನಕ್ಕು ಮರೆತುಬಿಟ್ಟ ಆ ಚರ್ಚೆಯಲ್ಲಿ ಒಂದು ಗಂಭೀರ ಸಂಗತಿಯಿತ್ತು: ಸರಕಾರದ ಪುಸ್ತಕದಲ್ಲಿ ಯಜಮಾನಿ ಒಬ್ಬಳೇ. ಬೆಂಗಳೂರಿನಲ್ಲಿ ಬೇರೆ ಒಲೆ ಹೂಡಿದ ಸೊಸೆಯೂ ಹಂದನಕೆರೆಯ ಅತ್ತೆಯೂ ಒಂದೇ ಚೀಟಿಯಲ್ಲಿದ್ದರೆ ಇಬ್ಬರಲ್ಲೊಬ್ಬಳು ಕಳೆದುಕೊಳ್ಳುತ್ತಾಳೆ.

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ಒಂದೇ ಸೂರಿನಡಿ, ಒಂದೇ ಒಲೆಯಲ್ಲಿ ಉಣ್ಣುತ್ತಿರುವವರು ಮನೆ ಗಿಟ್ಟಿಸಲೆಂದು ಬೇರೆಯಾದಂತೆ ನಟಿಸಿ ಚೀಟಿ ಒಡೆಸುವುದು ವಂಚನೆ. ಅದು ಇನ್ನೊಬ್ಬ ನಿರ್ಗತಿಕಳ ಸೂರನ್ನು ಕಸಿಯುವ ಅಪರಾಧ. ಅದರಲ್ಲಿ ಸಮುದಾಯದ ನಾಯಕರು ಸಹಿ ಹಾಕಿಕೊಟ್ಟರೆ ಅವರೂ ಪಾಲುದಾರರು. ಆದರೆ ನಿಜವಾಗಿ ಬೇರೆಯಾದ ಸಂಸಾರವನ್ನು ಬೇರೆಯೆಂದು ಬರೆಸುವುದು ಸತ್ಯವನ್ನು ದಾಖಲಿಸುವ ಕೆಲಸ. ಅದರಿಂದ ತಾಯಿ ಮಗನ ಸಂಬಂಧವೇನೂ ಹರಿಯುವುದಿಲ್ಲ. ರಕ್ತ ಸಂಬಂಧವನ್ನು ಆಹಾರ ಇಲಾಖೆಯ ಕಂಪ್ಯೂಟರ್ ಒಡೆಯಲಾರದು.

ಹಾಗೆಂದು ಚೀಟಿ ಬೇರೆಯಾದೊಡನೆ ಮಗನ ಹೊಣೆಯೂ ಬೇರೆಯಾಯಿತೆಂದು ತಿಳಿಯುವುದು ಘೋರ ತಪ್ಪು. ಸರಕಾರದ ಲೆಕ್ಕದಲ್ಲಿ ಬೇರೆ ಕುಟುಂಬವಾದ ಮಗ ಶರೀಅತ್‌ನ ಲೆಕ್ಕದಲ್ಲಿ ಅದೇ ಮಗನಾಗಿರುತ್ತಾನೆ. ಪವಿತ್ರ ಕುರ್‌ಆನ್‌ನ ಬನೀ ಇಸ್ರಾಈಲ್ ಅಧ್ಯಾಯದ 23ನೆಯ ಸೂಕ್ತವು ಅಲ್ಲಾಹನ ಆರಾಧನೆಯ ಆಜ್ಞೆಯ ಬೆನ್ನಿಗೇ ಮಾತಾಪಿತರ ಜೊತೆಗಿನ ಸದ್ವರ್ತನೆಯನ್ನು ಇಟ್ಟಿದೆ. ಅಲ್‌ಬಕರ ಅಧ್ಯಾಯದ 215ನೆಯ ಸೂಕ್ತವು ಯಾರಿಗೆ ಖರ್ಚು ಮಾಡಬೇಕೆಂಬ ಪ್ರಶ್ನೆಗೆ ಕೊಡುವ ಉತ್ತರದಲ್ಲಿ ಮೊದಲ ಹೆಸರು ಹೆತ್ತವರದು. ಫಿಕ್ಹ್‌ನಲ್ಲಿ ಬಡ ಹೆತ್ತವರ ನಫಖಾ, ಅಂದರೆ ಜೀವನಾಂಶ, ಅನುಕೂಲಸ್ಥ ಮಕ್ಕಳ ಮೇಲೆ ಕಡ್ಡಾಯ. ಆ ನಫಖಾದಲ್ಲಿ ಅನ್ನ, ಬಟ್ಟೆಗಳ ಜೊತೆ ವಾಸದ ಮನೆಯೂ ಸೇರಿದೆ. ಹನಫಿ ವಿದ್ವಾಂಸರ ಪ್ರಬಲ ಅಭಿಪ್ರಾಯದಂತೆ ಈ ಹೊಣೆ ಮಗ ಮಗಳಿಬ್ಬರಿಗೂ ಸಮಾನ. ನೌಕರಿಯಲ್ಲಿರುವ ಮಗಳಂದಿರು ಹೆಚ್ಚುತ್ತಿರುವ ಈ ಕಾಲದಲ್ಲಿ ಈ ಅಂಶವನ್ನು ಮರೆಯಲಾಗದು. ಆಕೆಯ ಪತಿ ಅದಕ್ಕೆ ಅಡ್ಡಿಯಾಗಲೂ ಬಾರದು.

ಇದರಿಂದ ಹೊಮ್ಮುವ ಒಂದು ವ್ಯಾವಹಾರಿಕ ವಿಷಯ ಹಲವರಿಗೆ ತಿಳಿದಿಲ್ಲ. ಮಗ ರಮಝಾನ್‌ನಲ್ಲಿ ತನ್ನ ತಾಯಿಗೆ ಕಳುಹಿಸಿದ ಹಣವನ್ನು ಝಕಾತ್ ಎಂದು ಲೆಕ್ಕ ಹಾಕುವಂತಿಲ್ಲ. ಹೆತ್ತವರಿಗೂ ಮಕ್ಕಳಿಗೂ ಝಕಾತ್ ಸಲ್ಲುವುದಿಲ್ಲ, ಏಕೆಂದರೆ ಅವರ ಪೋಷಣೆ ಮೊದಲೇ ಆತನ ಮೇಲಿರುವ ಸಾಲ. ಸಾಲ ತೀರಿಸಿ ದಾನವೆನ್ನುವುದು ಹೇಗೆ? ಆದರೆ ಅದೇ ತಾಯಿಗೆ ಆಕೆಯ ಸಹೋದರ ಝಕಾತ್ ಕೊಡಬಹುದು, ಅಳಿಯ ಕೊಡಬಹುದು, ನೆರೆಯವನು ಕೊಡಬಹುದು, ಜಮಾಅತ್‌ನ ಬೈತುಲ್ ಮಾಲ್ ಕೊಡಬಹುದು. ಅರ್ಹ ಬಂಧುವಿಗೆ ಕೊಟ್ಟದ್ದಕ್ಕೆ ಎರಡು ಪುಣ್ಯವೆಂದು ಪ್ರವಾದಿ ಮುಹಮ್ಮದ್(ಸ)ರ ಬೋಧನೆಯಿದೆ. ಪರವೂರಿನ ಸಂಸ್ಥೆಗಳ ರಶೀದಿ ಪುಸ್ತಕಕ್ಕೆ ಹಣ ಕಟ್ಟುವ ಅಣ್ಣಂದಿರು ಅದೇ ಓಣಿಯಲ್ಲಿ ವಿಧವೆ ತಂಗಿ ಬಾಡಿಗೆಗೆ ಪರದಾಡುವುದನ್ನು ಕಾಣದಿರುವುದು ನಮ್ಮ ಕಾಲದ ದುರಂತ.

ಮನೆಯ ವಿಷಯಕ್ಕೆ ಮರಳೋಣ. ವಸತಿ ಯೋಜನೆಯ ಹಣ ಬರಬೇಕಾದರೆ ನಿವೇಶನ ಅಥವಾ ಹಕ್ಕುಪತ್ರ ಫಲಾನುಭವಿಯ ಹೆಸರಿನಲ್ಲಿರಬೇಕು. ನಮ್ಮ ಎಷ್ಟೋ ಮನೆಗಳ ಖಾತೆ ಇಂದಿಗೂ ಸತ್ತುಹೋದ ಮಾವನ ಅಥವಾ ಪತಿಯ ಹೆಸರಿನಲ್ಲಿದೆ. ಗ್ರಾಮ ಪಂಚಾಯಿತಿಯಲ್ಲಿ ಇ-ಸ್ವತ್ತಿನ ನಮೂನೆ ಮಾಡಿಸಲು ಹೋದರೆ ಎಲ್ಲ ವಾರಸುದಾರರ ಒಪ್ಪಿಗೆ ಕೇಳುತ್ತಾರೆ. ಆಗ ಊರಿನಲ್ಲಿಲ್ಲದ ಮಗನ ಸಹಿಗಾಗಿ ತಾಯಿ ವರ್ಷಗಟ್ಟಲೆ ಕಾಯುತ್ತಾಳೆ. ಇಸ್ಲಾಮ್ ವಿಧವೆಗೆ ಪತಿಯ ಆಸ್ತಿಯಲ್ಲಿ ಮಕ್ಕಳಿರುವಾಗ ಎಂಟನೆಯ ಒಂದು ಪಾಲನ್ನು ನಿಶ್ಚಯಿಸಿದೆ. ಮಗ ತಾಯಿಗಿಂತ ಮೊದಲು ತೀರಿಕೊಂಡರೆ, ಆತನಿಗೆ ಮಕ್ಕಳಿದ್ದರೂ ಆತನ ಆಸ್ತಿಯಲ್ಲಿ ತಾಯಿಗೆ ಆರನೆಯ ಒಂದು ಪಾಲಿದೆ. ವೈಯಕ್ತಿಕ ಕಾನೂನಿನ ರಕ್ಷಣೆಗಾಗಿ ಸಭೆ ಸೇರಿ ಗುಡುಗುವ ನಾವು ಈ ಎಂಟನೆಯ ಒಂದನ್ನು ಎಷ್ಟು ಮನೆಗಳಲ್ಲಿ ವಿಧವೆಯ ಕೈಗೆ ಕೊಟ್ಟಿದ್ದೇವೆ? ಕೊಡದಿದ್ದುದರ ಪರಿಣಾಮವೇ ಆಕೆ ತಾನಿರುವ ಮನೆಯಲ್ಲಿ ಅತಿಥಿಯಂತಿರುವುದು.

ಪರಿಹಾರ ಅಸಾಧ್ಯವೇನಲ್ಲ. ಒಟ್ಟು ಆಸ್ತಿಯೇ ಮೂವತ್ತು ನಲವತ್ತರ ಒಂದು ನಿವೇಶನವಾಗಿರುವಲ್ಲಿ ಮಕ್ಕಳೆಲ್ಲ ಸೇರಿ ತಮ್ಮ ಪಾಲನ್ನು ತಾಯಿಗೆ ಬಿಟ್ಟುಕೊಟ್ಟು ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಮಾಡಿಕೊಡಬಹುದು. ಶರೀಅತ್‌ನಂತೆ ಬಾಯಿಮಾತಿನ ಹಿಬಾ, ಅಂದರೆ ಕೊಡುಗೆ, ಸ್ವೀಕಾರ ಮತ್ತು ಸ್ವಾಧೀನದೊಂದಿಗೆ ಸಿಂಧುವೇ ಸರಿ. ಆದರೆ ಪಂಚಾಯಿತಿಯ ಖಾತೆಗೆ ಬಾಯಿಮಾತು ಸಾಲದು, ನೋಂದಣಿಯ ಕಾಗದ ಬೇಕು. ಸರಕಾರಿ ಜಾಗದಲ್ಲಿ ಹಿಂದಿನಿಂದ ಮನೆ ಕಟ್ಟಿಕೊಂಡಿರುವವರು ಭೂಕಂದಾಯ ಕಾಯ್ದೆಯ 94ಸಿ ಕಲಮಿನಡಿ, ಪಟ್ಟಣದ ಕಡೆಯವರು 94ಸಿಸಿ ಅಡಿ ಹಾಕಿದ್ದ ಅರ್ಜಿಗಳು ಯಾವ ಹಂತದಲ್ಲಿವೆಯೆಂದು ನಾಡಕಚೇರಿಯಲ್ಲಿ ವಿಚಾರಿಸಬೇಕು. ಹಕ್ಕುಪತ್ರ ಗಂಡನ ಹೆಸರಿಗೆ ಬಂದು ಆತ ತೀರಿಕೊಂಡಿದ್ದರೆ ಅದೂ ಪೆಟ್ಟಿಗೆಯಲ್ಲಿ ಮಡಿಚಿಟ್ಟರೆ ಪ್ರಯೋಜನವಿಲ್ಲ, ಆಕೆಯ ಹೆಸರಿಗೆ ಬದಲಾಗಬೇಕು.

ಇದಕ್ಕೆ ವಿರುದ್ಧ ದಿಕ್ಕಿನ ಪ್ರಮಾದ ಇನ್ನೂ ಹೆಚ್ಚು ನಡೆಯುತ್ತದೆ. ಮಗನ ವ್ಯಾಪಾರಕ್ಕೆ, ವೀಸಾಕ್ಕೆ, ಮಗಳ ಮದುವೆಗೆ ಎಂದು ತಾಯಿಯೇ ಇದ್ದ ನಿವೇಶನವನ್ನು ಬರೆದುಕೊಡುವುದು ಅಥವಾ ಮಾರುವುದು. ಮದುವೆಯ ವಿಷಯದಲ್ಲಿ ನಾವು ಮೃದುವಾಗಿ ಮಾತಾಡಲಾರೆವು. ವರನ ಕಡೆಯವರ ಬೇಡಿಕೆಯ ಬೈಕು, ಚಿನ್ನ, ಮಂಟಪದ ಊಟ ಇವುಗಳಲ್ಲಿ ಕರಗಿಹೋದದ್ದು ಎಷ್ಟೋ ವಿಧವೆಯರ ಏಕೈಕ ಸೂರು. ಮಗಳು ಗಂಡನ ಮನೆಗೆ ಹೊರಟ ದಿನವೇ ತಾಯಿ ಬಾಡಿಗೆ ಮನೆಗೆ ಹೊರಡುವುದಾದರೆ ಅಂಥ ನಿಕಾಹ್‌ಗೆ ದುಆ ಮಾಡಲು ಖಾಝಿಗಳಿಗೆ ಸಂಕೋಚವಾಗಬೇಡವೇ? ವಧುವಿಗೆ ಮಹರ್ ಕೊಡಬೇಕಾದ ಧರ್ಮದಲ್ಲಿ ವಧುವಿನ ತಾಯಿಯ ಮನೆ ಹರಾಜಾಗುವುದನ್ನು ಜಮಾಅತ್ ಸಮಿತಿಗಳು ಕುಳಿತು ನೋಡುವುದು ಇನ್ನೆಷ್ಟು ದಿನ?

ಮಂಜೂರಾತಿ ಸಿಕ್ಕಿತೆನ್ನಿ. ಅಲ್ಲಿಗೂ ಕಥೆ ಮುಗಿಯುವುದಿಲ್ಲ. ಗ್ರಾಮೀಣ ಆವಾಸ್ ಯೋಜನೆಯಲ್ಲಿ ಬಯಲು ಸೀಮೆಯ ಒಂದು ಮನೆಗೆ 2016ರಲ್ಲಿ ನಿಗದಿಯಾದ ಸಹಾಯಧನ 1.20 ಲಕ್ಷ ರೂಪಾಯಿ. ಕನಿಷ್ಠ 25 ಚದರ ಮೀಟರ್ ಮನೆ ಕಟ್ಟಬೇಕು. ಸಿಮೆಂಟ್, ಕಬ್ಬಿಣ, ಮರಳಿನ ಬೆಲೆ ಅಂದಿನಿಂದ ಎಲ್ಲಿಗೆ ಹೋಯಿತೆಂಬುದು ಮನೆ ಕಟ್ಟಿಸಿದವರಿಗೆಲ್ಲ ಗೊತ್ತು. ಅದೂ ಒಟ್ಟಿಗೆ ಬರುವುದಿಲ್ಲ. ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಮನೆಗಳಲ್ಲಿ ಅಡಿಪಾಯ, ಲಿಂಟಲ್, ಛಾವಣಿ, ಮುಕ್ತಾಯ ಹೀಗೆ ಪ್ರತಿ ಹಂತದ ಫೋಟೊ ಜಿಪಿಎಸ್ ಗುರುತಿನೊಂದಿಗೆ ದಾಖಲಾದ ಮೇಲೆ ಹಣ. ಎಂದರೆ ಮೊದಲು ಕಟ್ಟಬೇಕು, ಆಮೇಲೆ ಪಡೆಯಬೇಕು. ಒಂಟಿ ವೃದ್ಧೆ ಅಡಿಪಾಯದ ಹಣ ಎಲ್ಲಿಂದ ತರಬೇಕು? ಇಲ್ಲಿ ಬಾಗಿಲು ತಟ್ಟುವುದು ವಾರದ ಕಂತಿನ ಮೈಕ್ರೋಫೈನಾನ್ಸ್. ಅದರ ಕಿರುಕುಳ ಎಲ್ಲಿಗೆ ಮುಟ್ಟಿತೆಂದರೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಬಲವಂತದ ವಸೂಲಿಯನ್ನು ಕಾನೂನು ತಡೆಯಬಹುದು, ನೋಂದಾಯಿತ ಸಂಸ್ಥೆಗಳ ಸಾಲವನ್ನೂ ಬಡ್ಡಿಯನ್ನೂ ಅದು ಅಳಿಸುವುದಿಲ್ಲ. ಲಿಂಟಲ್ ಮಟ್ಟಕ್ಕೆ ನಿಂತು ಹುಲ್ಲು ಬೆಳೆದ ಗೋಡೆಗಳನ್ನು ಯಾವ ತಾಲೂಕಿನಲ್ಲಾದರೂ ಕಾಣಬಹುದು. ಅವುಗಳಲ್ಲಿ ಎಷ್ಟೋ ಗೋಡೆಗಳ ಒಡತಿಯರು ಇಂದಿಗೂ ಕಂತು ಕಟ್ಟುತ್ತಿದ್ದಾರೆ.

ಜಮಾಅತ್‌ಗಳ ನಿಜವಾದ ಕೆಲಸ ಇರುವುದು ಈ ಅಂತರದಲ್ಲಿ. ನೂರು ಮನೆಗೆ ಐನೂರು ರೂಪಾಯಿಯಂತೆ ಹಂಚಿ ಸರತಿಯ ಫೋಟೊ ತೆಗೆಸುವ ಬದಲು ವರ್ಷಕ್ಕೆ ಇಬ್ಬರು ತಾಯಂದಿರ ಅಡಿಪಾಯದ ಹಣವನ್ನು ಝಕಾತ್‌ನಿಂದ ಪೂರ್ತಿಯಾಗಿ ಕೊಟ್ಟರೆ ಮರುವರ್ಷ ಆ ಇಬ್ಬರು ಸರತಿಯಲ್ಲಿರುವುದಿಲ್ಲ. ಕೊಡುವಾಗ ಪಡೆದವನ ಬಡತನ ನೀಗುವಷ್ಟು ಕೊಡಬೇಕೆಂಬುದು ಹಝ್ರತ್ ಉಮರ್(ರ)ರ ನಿಲುವಾಗಿತ್ತು. ಒಂದು ಸೂಕ್ಷ್ಮ ಇಲ್ಲಿದೆ. ಹನಫಿ ಫಿಕ್ಹ್‌ನಲ್ಲಿ ಝಕಾತ್ ಪಡೆಯುವವರು ಅದರ ಒಡೆಯರಾಗಬೇಕು. ಆದ್ದರಿಂದ ಹಣವನ್ನೋ ಇಟ್ಟಿಗೆ ಸಿಮೆಂಟನ್ನೋ ಆಕೆಯ ಒಡೆತನಕ್ಕೆ ಕೊಡಬೇಕು. ಮಸೀದಿಯ ಒಡೆತನದಲ್ಲೇ ಕೋಣೆಗಳನ್ನು ಕಟ್ಟಿ ಅಸಹಾಯಕರನ್ನು ಇರಿಸುವುದಾದರೆ ಅದಕ್ಕೆ ಝಕಾತ್ ಅಲ್ಲ, ವಕ್ಫ್ ಮತ್ತು ಸದಕಾದ ಹಣ ಬಳಸಬೇಕು. ಅಂಥ ಕೋಣೆಗಳೇನೂ ಹೊಸ ಕಲ್ಪನೆಯಲ್ಲ. ಮದೀನಾದ ಪ್ರವಾದಿ ಮಸೀದಿಗೆ ಹೊಂದಿಕೊಂಡಿದ್ದ ಸುಫ್ಫಾ ಮನೆಯಿಲ್ಲದ ಸಂಗಾತಿಗಳ ಸೂರಾಗಿತ್ತು. ಇಂದು ಮಸೀದಿಗೆ ಹೊಂದಿಕೊಂಡಿರುವುದು ಅಂಗಡಿ ಮಳಿಗೆಗಳು. ಅವು ಅನೇಕ ಕಡೆ ಸಮಿತಿಯವರ ಆಪ್ತರಿಗೆ ಹಳೆಯ ಬಾಡಿಗೆಯಲ್ಲೇ ಮುಂದುವರಿದಿವೆ. ಮನೆ ಮಂಜೂರಾಗಿ ಕಂತಿಗಾಗಿ ಕಾಯುತ್ತಿರುವವರಿಗೆ ಬಡ್ಡಿರಹಿತ ಕೈಸಾಲ ಕೊಟ್ಟು, ಸರಕಾರದ ಕಂತು ಬಂದೊಡನೆ ಹಿಂದಕ್ಕೆ ಪಡೆಯುವ ಸಣ್ಣದೊಂದು ನಿಧಿಯನ್ನು ಹತ್ತಿಪ್ಪತ್ತು ವ್ಯಾಪಾರಸ್ಥರಿರುವ ಯಾವ ಪಟ್ಟಣವೂ ಕಟ್ಟಬಹುದು.

ಇನ್ನು ರಾಜಕೀಯದ ಮಾತು. 2025ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ವಸತಿ ಯೋಜನೆಗಳಲ್ಲಿ ಅಲ್ಪಸಂಖ್ಯಾತರ ಪಾಲನ್ನು ಶೇ. 10ರಿಂದ ಶೇ. 15ಕ್ಕೆ ಏರಿಸುವ ತೀರ್ಮಾನ ಕೈಗೊಂಡಾಗ ಬಿಜೆಪಿ ಅದನ್ನು ತುಷ್ಟೀಕರಣವೆಂದು ಕೂಗಿತು. 2006ರ ಪ್ರಧಾನಮಂತ್ರಿಗಳ ಹೊಸ 15 ಅಂಶಗಳ ಕಾರ್ಯಕ್ರಮದಲ್ಲೇ ಗ್ರಾಮೀಣ ವಸತಿಯ ಒಂದು ಭಾಗವನ್ನು ಅಲ್ಪಸಂಖ್ಯಾತ ಬಡವರಿಗೆ ಮೀಸಲಿಡುವ ಮಾತಿತ್ತು. ಕೇಂದ್ರದ ಗ್ರಾಮೀಣ ಆವಾಸ್ ಯೋಜನೆಯ ಮಾರ್ಗಸೂಚಿಯೂ ಸಾಧ್ಯವಾದ ಮಟ್ಟಿಗೆ ಶೇ. 15ನ್ನು ಅಲ್ಪಸಂಖ್ಯಾತರಿಗೆಂದು ಗುರುತಿಸಿದೆ. ದಿಲ್ಲಿಯಲ್ಲಿ ಮಾರ್ಗಸೂಚಿಯಾದದ್ದು ಬೆಂಗಳೂರಿನಲ್ಲಿ ತುಷ್ಟೀಕರಣ ಹೇಗಾಗುತ್ತದೆಂದು ಕೂಗಿದವರು ವಿವರಿಸಲಿಲ್ಲ. ಆದರೆ ಆಳುವ ಪಕ್ಷಕ್ಕೆ ಬೆನ್ನು ತಟ್ಟಿಕೊಳ್ಳುವ ಅವಕಾಶವೂ ಇಲ್ಲ. ಅದೇ ತಿಂಗಳು ಕಾಂಗ್ರೆಸ್ಸಿನ ಹಿರಿಯ ಶಾಸಕ, ಆಳಂದದ ಬಿ.ಆರ್. ಪಾಟೀಲರು ಹಣ ಕೊಟ್ಟವರಿಗೆ ಮಾತ್ರ ಮನೆ ಮಂಜೂರಾಗುತ್ತಿದೆಯೆಂದು ಆರೋಪಿಸಿದ ಧ್ವನಿಮುದ್ರಿಕೆ ಬಹಿರಂಗವಾಯಿತು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ 36 ಸಾವಿರಕ್ಕೂ ಹೆಚ್ಚು ಮನೆಗಳನ್ನು ಹಂಚುವಾಗ ಫಲಾನುಭವಿಯ ವಂತಿಗೆಯಲ್ಲಿ 1 ಲಕ್ಷ ಬಿಟ್ಟು ಉಳಿದದ್ದನ್ನು ಸರಕಾರವೇ ಭರಿಸಿತು. ಒಳ್ಳೆಯ ಹೆಜ್ಜೆ. ಬಡವ ವಂತಿಗೆ ಕಟ್ಟಲಾರನೆಂಬ ಸತ್ಯ ಕೊಳೆಗೇರಿಯ ಮನೆಗಳ ವಿಷಯದಲ್ಲಿ ಅರ್ಥವಾಯಿತೆಂದಾದರೆ ಹೋಬಳಿಯ ವಿಧವೆಯ ಅಡಿಪಾಯದ ವಿಷಯದಲ್ಲಿ ಅದು ಏಕೆ ಅರ್ಥವಾಗುತ್ತಿಲ್ಲ? ಆಕೆಗೆ ಮೊದಲ ಕಂತನ್ನು ಮುಂಗಡವಾಗಿ ಕೊಡಬೇಕೆಂಬ ಬೇಡಿಕೆಯನ್ನು ನಮ್ಮ ಜನಪ್ರತಿನಿಧಿಗಳು ವಿಧಾನಸಭೆಯಲ್ಲಿ ಎತ್ತಲಿ.

ಶೇಕಡಾವಾರು ಎಷ್ಟೇ ಏರಲಿ, ಹಳ್ಳಿಯಲ್ಲಿ ಹೆಸರು ಬರೆಯುವುದು ಗ್ರಾಮಸಭೆ. ಕಾನೂನಿನಂತೆ ಅದು ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ನಮ್ಮ ಹೆಂಗಸರು ಅಲ್ಲಿಗೆ ಹೋಗುವುದಿಲ್ಲ, ಗಂಡಸರು ಹೋದರೂ ಬಾಗಿಲ ಬಳಿ ನಿಂತು ಬರುತ್ತಾರೆ. ಯಾವುದೋ ಪಕ್ಷದ ಮರಿನಾಯಕನ ಮನೆಗೆ ಅರ್ಜಿ ತಲಪಿಸುವುದನ್ನೇ ನಾವು ಅರ್ಜಿ ಸಲ್ಲಿಕೆಯೆಂದು ತಿಳಿದಿದ್ದೇವೆ. ಸಭೆಯಲ್ಲಿ ಎದ್ದುನಿಂತು, ತನ್ನ ಮನೆಯಲ್ಲಿ ದುಡಿಯುವ ಗಂಡಸಿಲ್ಲ, ಪಟ್ಟಿಯಲ್ಲಿ ತನ್ನ ಕ್ರಮಾಂಕವೆಷ್ಟು ಎಂದು ಒಬ್ಬ ತಾಯಿ ಕೇಳಿದರೆ, ಅದನ್ನು ನಡಾವಳಿಯಲ್ಲಿ ಬರೆಸಿದರೆ, ದಲ್ಲಾಳಿಯ ಅರ್ಧ ಶಕ್ತಿ ಅಲ್ಲಿಗೇ ಕುಗ್ಗುತ್ತದೆ.

ಎಲ್ಲ ಬಾಗಿಲು ಮುಚ್ಚಿದವರಿಗೆ ಕಾನೂನಿನ ಬಾಗಿಲೊಂದಿದೆ. 2007ರ ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆ ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಅದರ ಪ್ರಕಾರ ಪೋಷಣೆಯಲ್ಲಿ ವಾಸವೂ ಸೇರಿದೆ. ಹೆತ್ತ ತಾಯಿ ತಂದೆಗೆ 60 ತುಂಬಿರಲೇಬೇಕೆಂದಿಲ್ಲ. ತಿಂಗಳಿಗೆ ಗರಿಷ್ಠ 10 ಸಾವಿರದವರೆಗೆ ಜೀವನಾಂಶ ವಿಧಿಸಬಹುದು. ವಕೀಲರ ಅಗತ್ಯವಿಲ್ಲ, ಮೊದಲು ರಾಜಿಯ ಪ್ರಯತ್ನ ನಡೆಯುತ್ತದೆ. ಈ ಮೂರು ತಾಲೂಕಿನವರಿಗೆ ನ್ಯಾಯಮಂಡಳಿ ತಿಪಟೂರಿನ ಉಪವಿಭಾಗಾಧಿಕಾರಿಗಳದ್ದು. ನೋಡಿಕೊಳ್ಳುವೆನೆಂದು ಮನೆ ಬರೆಸಿಕೊಂಡು ಕೈಬಿಟ್ಟವರ ವಿರುದ್ಧ 23ನೆಯ ಕಲಂ ಆ ಪತ್ರವನ್ನೇ ರದ್ದುಪಡಿಸುತ್ತದೆ. ಆದರೆ ಪೋಷಣೆಯ ಷರತ್ತು ಇತ್ತೆಂಬುದು ಸಾಬೀತಾಗಬೇಕೆಂದು 2022ರಲ್ಲಿ ಸುಪ್ರೀಮ್ ಕೋರ್ಟ್ ಹೇಳಿತು. 2025ರ ಜನವರಿಯ ತೀರ್ಪಿನಲ್ಲಿ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಅರ್ಥೈಸಬೇಕೆಂದಿತು. ಕೋರ್ಟು ಏನೇ ಹೇಳಲಿ, ಬದುಕಿರುವಾಗ ಏಕೈಕ ಮನೆಯನ್ನು ಯಾರಿಗೂ ಬರೆದುಕೊಡದಿರುವುದೇ ತಾಯಂದಿರಿಗೆ ಕ್ಷೇಮ. ಮಕ್ಕಳ ಪಾಲನ್ನು ಅಲ್ಲಾಹನು ಮರಣಾನಂತರಕ್ಕೆ ನಿಗದಿ ಮಾಡಿದ್ದಾನೆ. ಯಾವ ತಾಯಿಯೂ ಮಗನ ಮೇಲೆ ಅರ್ಜಿ ಹಾಕಲು ಸುಲಭಕ್ಕೆ ಒಪ್ಪಲಾರಳು. ಆಕೆಯ ಪರವಾಗಿ ಮಗನನ್ನು ಕರೆಸಿ ಮಾತಾಡುವ ಧೈರ್ಯವನ್ನು ಜಮಾಅತ್ ತೋರಿಸಿದರೆ ಆಕೆ ತಿಪಟೂರಿನ ಬಸ್ಸು ಹತ್ತಬೇಕಾಗದು.

ಬೆಂಗಳೂರು, ಮಂಗಳೂರು, ಗಲ್ಫ್‌ಗಳಲ್ಲಿ ಈ ಪತ್ರಿಕೆಯನ್ನು ಓದುವ ಮಕ್ಕಳಲ್ಲಿ ಒಂದು ವಿನಂತಿ. ತಾಯಿಯ ಆಧಾರ್‌ಗೂ ಬ್ಯಾಂಕ್ ಖಾತೆಗೂ ಜೋಡಿಸಿರುವುದು ನಿಮ್ಮ ಮೊಬೈಲ್ ಸಂಖ್ಯೆಯೇ ಎಂದು ಪರಿಶೀಲಿಸಿರಿ. ಹಂದನಕೆರೆಯ ಕಚೇರಿಯಲ್ಲಿ ಆಕೆ ಹೆಬ್ಬೆಟ್ಟೊತ್ತಿ ನಿಂತಾಗ ಒಟಿಪಿ ನಿಮ್ಮ ಫೋನಿಗೆ ಬಂದು, ನೀವು ಕೆಲಸದಲ್ಲಿದ್ದು ನೋಡದೆ, ಆಕೆ ಬರಿಗೈಯಲ್ಲಿ ಮರಳುತ್ತಾಳೆ. ಮುಂದಿನ ಈದ್‌ಗೆ ಊರಿಗೆ ಬರುವಾಗ ಒಂದು ದಿನದ ರಜೆಯನ್ನು ಹೆಚ್ಚು ಕೇಳಿಕೊಳ್ಳಿರಿ. ಹಬ್ಬದ ಮರುದಿನ ಕಚೇರಿ ತೆರೆದೊಡನೆ ಅಕ್ಕ ತಂಗಿಯರನ್ನೂ ಕರೆದುಕೊಂಡು ಹೋಗಿ ಖಾತೆಗೆ ಬೇಕಾದ ಸಹಿಗಳನ್ನು ಹಾಕಿ, ಚೀಟಿಯ ತಿದ್ದುಪಡಿಗೆ ಅರ್ಜಿ ಕೊಟ್ಟು, ಸ್ವೀಕೃತಿಯನ್ನು ತಾಯಿಯ ಕೈಗೆ ಕೊಟ್ಟು ಆಮೇಲೆ ಬಸ್ಸು ಹತ್ತಿರಿ.